ಓಟಿಗೂ ಮೊದಲೇ ಆಗಿಹೋಗುವ ಆಯ್ಕೆ

2025ರ ಜನವರಿ 26ರ ರಾತ್ರಿ ಹನುಮಂತ ಲಮಾಣಿ ಬಿಗ್ ಬಾಸ್ ಕನ್ನಡದ 11ನೇ ಆವೃತ್ತಿ ಗೆದ್ದ ಮೇಲೆ ಒಂದು ಮಾತು ಬಹಳ ಓಡಾಡಿತು: ಪ್ರೇಕ್ಷಕರ ಓಟಿಗೆ ಜಾತಿಯಿಲ್ಲ, ಧರ್ಮವಿಲ್ಲ. ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯಲ್ಲಿ ಕುರಿ ಕಾಯುತ್ತಿದ್ದ ಲಂಬಾಣಿ ಹುಡುಗ ವೈಲ್ಡ್ ಕಾರ್ಡ್‌ನಲ್ಲಿ ಒಳಹೊಕ್ಕು 5 ಕೋಟಿ 23 ಲಕ್ಷಕ್ಕೂ ಹೆಚ್ಚು ಓಟು ಪಡೆದ. ಆ ಗೆಲುವಿಗೆ ಮನಸಾರೆ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಒಂದು ಗೆಲುವನ್ನು ಹಿಡಿದುಕೊಂಡು ಇಡೀ ಪದ್ಧತಿಗೇ ಸಚ್ಚಾರಿತ್ರ್ಯದ ಪ್ರಮಾಣಪತ್ರ ಕೊಡುವುದನ್ನು ಕಿರುತೆರೆಯ ಬಗ್ಗೆ ಬರೆದುಕೊಂಡು ಬಂದ ನಾನು ಒಪ್ಪಲಾರೆ.

ಪ್ರೇಕ್ಷಕರ ಓಟು ಬರುವ ಮುಂಚಿನ ಘಟ್ಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ‘ಎದೆ ತುಂಬಿ ಹಾಡುವೆನು’ ಕಾಲಕ್ಕೆ ತೀರ್ಪು ವೇದಿಕೆಯ ಮೇಲಿನ ಹಿರಿಯರದ್ದು, ನೋಡುಗರದ್ದು ಚಪ್ಪಾಳೆ ಮಾತ್ರ. 2004ರಲ್ಲಿ ಇಂಡಿಯನ್ ಐಡಲ್ ಬಂದು ಎಸ್ಸೆಮ್ಮೆಸ್ ಓಟು ಮನೆಮಾತಾಯಿತು. ಮರುವರ್ಷ ಫೇಮ್ ಗುರುಕುಲದಲ್ಲಿ ಕಾಶ್ಮೀರದ ಖಾಜಿ ತೌಖೀರ್ ಓಟಿನ ಬಲದಿಂದಲೇ ಗೆದ್ದರು. 2007ರ ಇಂಡಿಯನ್ ಐಡಲ್‌ನಲ್ಲಿ ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್ ಮೊದಲಿಗರಾದರು, ಶಿಲ್ಲಾಂಗ್‌ನ ಅಮಿತ್ ಪಾಲ್ ಎರಡನೆಯವರು. ತಮಾಂಗ್ ಗೆದ್ದ ಮೇಲೆ ದಿಲ್ಲಿಯ ರೇಡಿಯೋ ನಿರೂಪಕರೊಬ್ಬರು ಅವರ ಸಮುದಾಯವಾದ ಗೋರ್ಖಾಗಳನ್ನು ಹೀನಾಯವಾಗಿ ಆಡಿದ್ದಕ್ಕೆ ಸಿಲಿಗುರಿಯಲ್ಲಿ ಗಲಭೆಯೇ ಆಯಿತು. ಅದೇ ವರ್ಷದ ಜನವರಿಯಲ್ಲಿ ಬ್ರಿಟನ್ನಿನ ಸೆಲೆಬ್ರಿಟಿ ಬಿಗ್ ಬ್ರದರ್‌ನಲ್ಲಿ ಜನಾಂಗೀಯ ನಿಂದನೆ ಅನುಭವಿಸಿದ ಮಂಗಳೂರು ಮೂಲದ ಶಿಲ್ಪಾ ಶೆಟ್ಟಿಯನ್ನು ಅಲ್ಲಿನ ನೋಡುಗರೇ ಗೆಲ್ಲಿಸಿದರು.

ಈ ಪ್ರಸಂಗಗಳಿಂದ ‘ಓಟು ಪೂರ್ವಗ್ರಹವನ್ನು ಸೋಲಿಸುತ್ತದೆ’ ಎಂಬ ತೀರ್ಮಾನಕ್ಕೆ ಬಂದವರು ಒಂದನ್ನು ಮರೆತರು. ತಮಾಂಗ್ ಹಿಂದೆ ಒಂದು ಗುಡ್ಡಗಾಡು ನಾಡೇ ನಿಂತಿತ್ತು. ಒಂದೇ ಕಡೆ ನೆಲೆಸಿದ ಸಣ್ಣ ಸಮುದಾಯಕ್ಕೆ ಹಟ ಹಿಡಿದು ಓಟು ಕೂಡಿಸಲು ಆಗುತ್ತದೆ. ನಾಡಿನ ತುಂಬ ಚದುರಿದವರಿಗೆ, ಎಲ್ಲೆಡೆಯೂ ಕೈಬೆರಳೆಣಿಕೆಯಷ್ಟೇ ಇರುವವರಿಗೆ ಆ ದಾರಿಯಿಲ್ಲ. ಅವರು ಬಹುಸಂಖ್ಯಾತರ ಮನಸ್ಸನ್ನೇ ಗೆಲ್ಲಬೇಕು, ಅದೂ ಬಹುಸಂಖ್ಯಾತರು ಮೆಚ್ಚುವ ವೇಷದಲ್ಲಿ.

ಕನ್ನಡದಲ್ಲಿ ಇದು ನಿಚ್ಚಳವಾಗಿ ಕಾಣುವುದು 2010ರ ನಂತರ. ನನ್ನ ಓರಗೆಯ ವಿಮರ್ಶಕರು ಓಟಿನ ಲೆಕ್ಕಕ್ಕಿಂತ ಪ್ರೋಮೋ, ಎಡಿಟಿಂಗ್, ನಿರೂಪಕರ ಮಾತು ನೋಡಬೇಕೆಂದು ಹಟ ಹಿಡಿದದ್ದು ಆಗಲೇ. ಆ ನೋಟವೇ ಸರಿಯೆಂದು ಇಂದಿಗೂ ನಂಬಿದ್ದೇನೆ. ಸುವರ್ಣ ವಾಹಿನಿಯ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಗೆದ್ದ ರಾಜೇಶ್ ಎಚ್.ಡಿ. ಕೋಟೆಯ ಕಾಡಿನ ಹಾಡಿಯವರು. ಪೇಟೆಯ ಲಿಫ್ಟು, ಇಂಗ್ಲಿಷು, ಊಟದ ಮೇಜು ಕಂಡು ಅವರು ತಬ್ಬಿಬ್ಬಾಗುವುದೇ ಅಲ್ಲಿನ ರಂಜನೆ. ಗೆದ್ದರು, ‘ಜಂಗಲ್ ಜಾಕಿ’ ಸಿನಿಮಾಕ್ಕೆ ನಾಯಕರಾದರು, 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡರು. ಆ ಸಾವಿಗೆ ಕಾರ್ಯಕ್ರಮವೇ ಕಾರಣವೆಂದು ನಾನು ಹೇಳುತ್ತಿಲ್ಲ. ಗೆಲುವೆಂದರೆ ಗೌರವವೆಂದು ತಿಳಿಯುವವರು ಆ ಎಪಿಸೋಡ್‌ಗಳನ್ನು ಇನ್ನೊಮ್ಮೆ ನೋಡಲಿ ಎನ್ನುತ್ತೇನೆ.

2017ರಲ್ಲಿ ಜೀ ಕನ್ನಡದ ಸರಿಗಮಪ ವೇದಿಕೆಯಲ್ಲಿ ಸುಹಾನಾ ಸಯ್ಯದ್ ಹಿಜಾಬ್ ತೊಟ್ಟು ಹಿಂದೂ ದೇವರ ಮೇಲಿನ ಗೀತೆಯೊಂದನ್ನು ಹಾಡಿದರು. ಅವರದೇ ಸಮುದಾಯದ ಕೆಲವರು ಜಾಲತಾಣದಲ್ಲಿ ಹೀಯಾಳಿಸಿದರು; ಅದು ಎಲ್ಲರಿಗೂ ನೆನಪಿದೆ. ಹೊಗಳಿದವರ ಮಾತನ್ನು ಯಾರೂ ಪರಿಶೀಲಿಸಲಿಲ್ಲ. ಆಕೆಯ ಶ್ರುತಿ, ಉಸಿರು, ತಾಳದ ಬಗ್ಗೆ ಬಂದದ್ದು ಎರಡು ಸಾಲು. ಸೌಹಾರ್ದದ ಬಗ್ಗೆ ಪುಟಗಟ್ಟಲೆ. ಹಾಡಲು ಬಂದ ಹೆಣ್ಣುಮಗಳಿಗೆ ಒಂದು ಧರ್ಮದ ಪ್ರತಿನಿಧಿಯ ಹೊರೆ ಹೊರಿಸಿದ್ದರಲ್ಲಿ ಎರಡೂ ಕಡೆಯವರ ಪಾಲಿತ್ತು.

ಇನ್ನು ಬಿಗ್ ಬಾಸ್ ಕನ್ನಡದ ಮೊದಲ 11 ಆವೃತ್ತಿಗಳ ವಿಜೇತರಲ್ಲಿ ಹೆಣ್ಣು ಒಬ್ಬರೇ, 3ನೇ ಆವೃತ್ತಿಯ ನಟಿ ಶ್ರುತಿ. ಮುಸ್ಲಿಮರಾಗಲಿ ಕ್ರೈಸ್ತರಾಗಲಿ ಒಬ್ಬರೂ ಇಲ್ಲ. 6ನೇ ಆವೃತ್ತಿಯ ಡ್ರ್ಯಾಗ್ ಕಲಾವಿದ ಆ್ಯಡಮ್ ಪಾಷಾ, 10ನೇ ಆವೃತ್ತಿಯ ಟ್ರಾನ್ಸ್ ಮಹಿಳೆ ನೀತು ವನಜಾಕ್ಷಿ ಫಿನಾಲೆವರೆಗೂ ಬರಲಿಲ್ಲ. ಹೆಂಗಸರೂ ಆಸಕ್ತಿಯಿಂದ ನೋಡುವ ಕಾರ್ಯಕ್ರಮದಲ್ಲಿ ಹೆಂಗಸರು ಅಷ್ಟಾಗಿ ಗೆಲ್ಲದಿರುವುದಕ್ಕೆ ಉತ್ತರ ಹುಡುಕಿದ ಗಂಭೀರ ಬರಹ ನನ್ನ ಕಣ್ಣಿಗೆ ಬಿದ್ದಿಲ್ಲ. ಜೋರಾಗಿ ಮಾತಾಡಿದ ಗಂಡಸು ‘ಖಡಕ್’, ಹೆಂಗಸು ‘ಬಜಾರಿ’. ಮನೆಮನೆಯಲ್ಲಿ ಕೇಳುವ ಈ ತೀರ್ಪು ಓಟಾಗಿ ಬೀಳುತ್ತದೆ.

ಈಗ ಓಟೆಲ್ಲವೂ ಆ್ಯಪ್‌ನಲ್ಲಿ. ಒಬ್ಬರೇ ಹತ್ತಾರು ಓಟು ಒತ್ತಬಹುದು. ಹನುಮಂತನಿಗೆ ಬಿದ್ದ ಓಟುಗಳು 2024ರಲ್ಲಿ ಕರ್ನಾಟಕದಲ್ಲಿದ್ದ ಒಟ್ಟು ಮತದಾರರ ಸಂಖ್ಯೆಗೆ ಹತ್ತಿರ ಹತ್ತಿರ. ಇದು ಜನರ ಎಣಿಕೆಯಲ್ಲ. ಡೇಟಾ, ಬಿಡುವು, ಅಭಿಮಾನಿ ಗುಂಪುಗಳ ಎಣಿಕೆ. ಹನೂರು ತಾಲ್ಲೂಕಿನ ಹೂಗ್ಯಂನಲ್ಲಿ ನಿಂತು ನೋಡಿದರೆ ಇದು ಇನ್ನೂ ಸ್ಪಷ್ಟ. ತಮಿಳುನಾಡಿನ ಗಡಿಗೆ ಹತ್ತಿರದ ಊರು. ಕನ್ನಡವೂ ತಮಿಳೂ ಬೀದಿಯಲ್ಲಿ ಒಟ್ಟಿಗೆ ಕೇಳುತ್ತವೆ, ಸುತ್ತಲ ಕಾಡಿನ ಪೋಡುಗಳಲ್ಲಿ ಸೋಲಿಗರು. ಡಿಶ್ ಇರುವ ಮನೆಯಲ್ಲಿ ಎಂಟು ಹತ್ತು ಜನ ಕೂತು ನೋಡುತ್ತಾರೆ, ತಮಗೆ ಬೇಕಾದವರ ಪರವಾಗಿ ಜಗಳಾಡುತ್ತಾರೆ. ಓಟು ಹಾಕಲು ಮಾತ್ರ ಸಿಗ್ನಲ್ ಸಿಗುವ ದಿಬ್ಬದವರೆಗೆ ಹೋಗಬೇಕು. ಕತ್ತಲಾದ ಮೇಲೆ ಆನೆಯ ಭಯಕ್ಕೆ ಯಾರೂ ಹೋಗುವುದಿಲ್ಲ.

ಇದೇ ಹೂಗ್ಯಂ ಹೆಸರು ದಿನಗಟ್ಟಲೆ ಟಿವಿಯಲ್ಲಿ ಮೊಳಗಿದ್ದು 2025ರ ಜೂನ್‌ನಲ್ಲಿ, ಹೂಗ್ಯಂ ವಲಯದ ಕಾಡಿನಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷಕ್ಕೆ ಸತ್ತಾಗ. ಟಿವಿ ಕಾಣದ ಹಾಡುಗಳೂ ಇಲ್ಲಿವೆ. ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರು, ಗೊರುಕನ ಹಾಡಿ ಕುಣಿಯುವ ಸೋಲಿಗರು ಇರುವ ಸೀಮೆ ಇದು. ಎರಡು ನಿಮಿಷದ ಆಡಿಷನ್‌ಗೆ ಆ ಹಾಡು ಒಗ್ಗುವುದಿಲ್ಲ, ಆಡಿಷನ್ ಈ ಕಡೆಗೆ ಬರುವುದೂ ಇಲ್ಲ. ಸೋಲಿಗರೊಬ್ಬರು ಓಟಿನ ಸಾಲಿನವರೆಗೆ ಬಂದದ್ದನ್ನು ನಾನಂತೂ ನೋಡಿಲ್ಲ. ಅವರಿಗೆ ನಾಡು ಓಟು ಹಾಕುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಹಾಗಾಗಿ ಹುಟ್ಟಿಲ್ಲ.

ಫಿನಾಲೆಯ ರಾತ್ರಿ ಕೋಟಿ ಲೆಕ್ಕ ಘೋಷಿಸುವ ವಾಹಿನಿಗಳು ವಾರವಾರದ ಎಲಿಮಿನೇಷನ್ನಿನ ಓಟುಗಳನ್ನು ಬಹಿರಂಗಪಡಿಸುವುದಿಲ್ಲ. ಎಷ್ಟು ಓಟು ಎನ್ನುತ್ತಾರೆ, ಎಷ್ಟು ಜನ ಎನ್ನುವುದಿಲ್ಲ. ಲಾಗಿನ್ ಆಗಿಯೇ ಓಟು ಹಾಕುವುದರಿಂದ ಆ ಲೆಕ್ಕ ಅವರ ಬಳಿ ಇರದೇ ಇರಲಾರದು. ಅದು ಹೊರಬರುವವರೆಗೆ ಪ್ರೇಕ್ಷಕರ ಓಟಿಗೆ ಜಾತಿಯಿಲ್ಲ ಎಂದು ಬರೆಯುವವರು ಯಾವ ಪ್ರೇಕ್ಷಕರು ಎಂಬುದನ್ನು ಮೊದಲು ಹೇಳಬೇಕು.