ಅಡಿಪಾಯ ಹಾಕಿದವರು

ಐರ್ಲೆಂಡಿನ ಶ್ಯಾನನ್ ನದೀತೀರದಲ್ಲಿರುವ ಕ್ಲೋನ್‌ಮ್ಯಾಕ್‌ನಾಯ್ಸ್ ಸನ್ಯಾಸಿಮಠದ ಅವಶೇಷಗಳ ನಡುವೆ ನಿಂತಾಗ, ಪ್ರಿಯ ವಿಶ್ವಾಸಿಗಳೇ, ನಮ್ಮ ದೇವಾಲಯಕ್ಕೆ ಅಡಿಪಾಯ ಹಾಕಿದ ಹಿರಿಯರು ನನ್ನ ನೆನಪಿಗೆ ಬಂದರು.

ಸುಮಾರು 544ರಲ್ಲಿ ಸಂತ ಕೀರಾನರು ಇಲ್ಲಿ ಮರದ ಪುಟ್ಟ ದೇವಾಲಯವನ್ನು ಕಟ್ಟಿ ಮಠವನ್ನು ಸ್ಥಾಪಿಸಿದರು. ಅನತಿಕಾಲದಲ್ಲೇ, ಮೂವತ್ತಮೂರರ ಪ್ರಾಯದಲ್ಲಿ, ಅವರು ಮಹಾಮಾರಿಗೆ ತುತ್ತಾದರೆಂಬುದು ಪರಂಪರಾಗತ ನಂಬಿಕೆ. ಅವರು ನೆಟ್ಟ ಸಸಿಯಾದರೋ ಸುಮಾರು ಸಾವಿರ ವರ್ಷ ಬಾಳಿ, ವಿದ್ಯೆಗೂ ಭಕ್ತಿಗೂ ನೆರಳಾಯಿತು. 1552ರಲ್ಲಿ ಆಂಗ್ಲ ಸೈನಿಕರು ಮಠವನ್ನು ಸೂರೆಗೈದು ಗಂಟೆಗಳನ್ನೂ ಹೊತ್ತೊಯ್ದರು. ಈಗ ಉಳಿದಿರುವುದು ಮಾಡಿಲ್ಲದ ಗೋಡೆಗಳು, ದುಂಡು ಗೋಪುರಗಳು, ಶಿಲುಬೆ ಕೆತ್ತಿದ ಸಮಾಧಿಕಲ್ಲುಗಳು.

ಆದರೂ ಪ್ರಾರ್ಥನೆ ಅಳಿಯಲಿಲ್ಲ. 1979ರ ಸೆಪ್ಟೆಂಬರ್ 30ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಇದೇ ನೆಲದಲ್ಲಿ ನಿಂತು ಪ್ರಾರ್ಥಿಸಿದರು.

ನಮ್ಮ ಗೋಡೆಗಳಿಗೆ ನೂರು ತುಂಬಿದೆ. ಅವೂ ಒಂದು ದಿನ ಕುಸಿದಾವು. ಮಕ್ಕಳ ಕೈಗೆ ನಾವು ಒಪ್ಪಿಸುವ ವಿಶ್ವಾಸ ಕುಸಿಯದಿರಲಿ.