ಟೇಕು ಕೊಟ್ಟ ಮನೆಗಳು: ಮುಂಬಯಿಯ ಹಳೆಯ ಚಾಳುಗಳೂ ಸರ್ಕಾರದ ದುರಸ್ತಿ ಹಣವೂ

ಮುಂಬಯಿಯಲ್ಲಿ ಪ್ರತಿವರ್ಷ ಮುಂಗಾರಿಗೆ ಮೊದಲು ಒಂದು ಪಟ್ಟಿ ಪ್ರಕಟವಾಗುತ್ತದೆ. ದ್ವೀಪನಗರದ ಹಳೆಯ ಕಟ್ಟಡಗಳನ್ನು ಪರಿಶೀಲಿಸಿ, ಅವುಗಳಲ್ಲಿ ಅತ್ಯಂತ ಅಪಾಯಕಾರಿಯಾದವು ಯಾವುವೆಂದು ಸರ್ಕಾರಿ ಸಂಸ್ಥೆಯೊಂದು ಸಾರುವ ಪಟ್ಟಿ ಅದು. ಕಟ್ಟಡವನ್ನು ತೆರವು ಮಾಡಬೇಕೆಂಬ ನೋಟೀಸೂ ಜೊತೆಗೆ ಬರುತ್ತದೆ. ಆದರೆ ಅಲ್ಲಿ ವಾಸಿಸುವವರಲ್ಲಿ ಅನೇಕರು ಹೊರಡುವುದಿಲ್ಲ. ಗೋಡೆ ಬಿರಿದ, ತೊಲೆಗೆ ಮರದ ಟೇಕು ಕೊಟ್ಟ ಮನೆಯಲ್ಲಿಯೇ ಇನ್ನೊಂದು ಮಳೆಗಾಲವನ್ನು ಕಳೆಯುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಹುಂಬತನವೆನಿಸಬಹುದು. ಇದರ ಹಿಂದಿರುವ ಸುಮಾರು ಎಂಟು ದಶಕಗಳ ಇತಿಹಾಸವನ್ನು ತಿಳಿದವರು ಹಾಗೆನ್ನಲಾರರು.

ಈ ಇತಿಹಾಸ ನಮಗೆ ಹೊರಗಿನದಲ್ಲ. ಕರಾವಳಿಯಿಂದ ಹಡಗು ಹತ್ತಿ ಬಂದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು, ಕೋಟೆ ಪ್ರದೇಶದ ಕಚೇರಿಗಳಲ್ಲಿ ಗುಮಾಸ್ತರಾದವರು, ಗಿರಣಿಗಳ ಆಸುಪಾಸಿನಲ್ಲಿ ಬದುಕು ಕಟ್ಟಿಕೊಂಡವರು ಮೊದಲು ತಲೆಯೂರಿದ್ದು ಇಂಥ ಚಾಳುಗಳ ಖೋಲಿಗಳಲ್ಲಿಯೇ. ಮುಂಬಯಿ ಕನ್ನಡಿಗರ ಅನೇಕ ಕುಟುಂಬಗಳ ಮೊದಲ ವಿಳಾಸ ಒಂದು ಖೋಲಿಯ ಸಂಖ್ಯೆ.

ಚಾಳು ಹುಟ್ಟಿದ್ದು ಬಾಡಿಗೆಗಾಗಿ. 1850ರ ದಶಕದಲ್ಲಿ ಹತ್ತಿ ಗಿರಣಿಗಳು ಆರಂಭವಾದ ಮೇಲೆ ನಗರಕ್ಕೆ ಬಂದ ಜನಸಾಗರಕ್ಕೆ ನೆಲೆ ಬೇಕಾಗಿತ್ತು. 1896ರ ಪ್ಲೇಗಿನ ನಂತರ, 1898ರಲ್ಲಿ, ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. 1920ರ ದಶಕದಲ್ಲಿ ಸರ್ಕಾರದ ಅಭಿವೃದ್ಧಿ ಇಲಾಖೆ ವರಳಿ, ನಾಯಗಾಂವ್, ಶಿವಡಿಗಳಲ್ಲಿ ಬಿಡಿಡಿ ಚಾಳುಗಳನ್ನು ಕಟ್ಟಿತು. ಆದರೆ ಹೆಚ್ಚಿನ ಚಾಳುಗಳನ್ನು ಕಟ್ಟಿದವರು ಖಾಸಗಿ ಮಾಲೀಕರು. ಅವರಿಗೆ ಮನೆ ಕಟ್ಟಿಸುವುದು ಹಣ ಹೂಡುವ ಒಂದು ದಾರಿ. ಬಾಡಿಗೆ ಬರುತ್ತಿತ್ತು, ಅದರ ಒಂದಂಶದಿಂದ ಹೆಂಚು ಬದಲಾಯಿಸುವುದು, ಸುಣ್ಣ ಬಳಿಸುವುದು, ಕೊಳೆತ ತೊಲೆಯನ್ನು ತೆಗೆಸಿ ಹೊಸದನ್ನು ಹಾಕಿಸುವುದು ನಡೆಯುತ್ತಿತ್ತು. ಇದರಲ್ಲಿ ಔದಾರ್ಯವೇನೂ ಇರಲಿಲ್ಲ. ಮನೆ ಉಳಿದರೆ ಬಾಡಿಗೆ ಉಳಿಯುತ್ತದೆಂಬ ಲೆಕ್ಕಾಚಾರವಷ್ಟೇ ಇತ್ತು.

ಈ ಲೆಕ್ಕಾಚಾರವನ್ನು ಮುರಿದದ್ದು ಎರಡನೆಯ ಮಹಾಯುದ್ಧ. ಯುದ್ಧದ ಕಾಲದಲ್ಲಿ ನಗರ ಉಕ್ಕಿ ಹರಿಯಿತು, ಬಾಡಿಗೆ ಏರಿತು. ದೇಶವಿಭಜನೆಯ ನಿರಾಶ್ರಿತರೂ ಬಂದರು. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾನೂನು, ಮನೆಯ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರಂದು ಎಷ್ಟಿತ್ತೋ ಅಷ್ಟಕ್ಕೆ ನಿಲ್ಲಿಸಿತು. ಬಾಡಿಗೆದಾರನನ್ನು ಮನಬಂದಂತೆ ಹೊರಹಾಕುವ ಅಧಿಕಾರವನ್ನೂ ಮಾಲೀಕನಿಂದ ಕಿತ್ತುಕೊಂಡಿತು. ಆ ಹೊತ್ತಿಗೆ ಅದು ಅಗತ್ಯವಾಗಿತ್ತು. ಅದಿಲ್ಲದಿದ್ದರೆ ಸಹಸ್ರಾರು ಸಂಸಾರಗಳು ಬೀದಿಪಾಲಾಗುತ್ತಿದ್ದವು. ಆದರೆ ತಾತ್ಕಾಲಿಕವೆಂದು ಹುಟ್ಟಿದ ಕಾನೂನಿನ ಅವಧಿ ಮತ್ತೆ ಮತ್ತೆ ವಿಸ್ತರಿಸಲ್ಪಟ್ಟು ಅರ್ಧ ಶತಮಾನ ಬಾಳಿತು. ಅಕ್ಕಿಯ ಬೆಲೆ, ಸಿಮೆಂಟಿನ ಬೆಲೆ, ಬಡಗಿಯ ಕೂಲಿ ಎಲ್ಲವೂ ಏರಿದವು. ಬಾಡಿಗೆ ಮಾತ್ರ 1940ರಲ್ಲಿಯೇ ನಿಂತಿತು.

ಪರಿಣಾಮ ನಿಧಾನವಾಗಿ ಬಂತು. ಬಾಡಿಗೆಯ ಹಣ ದುರಸ್ತಿಗೆ ಸಾಲದಾದಾಗ ಮಾಲೀಕ ದುರಸ್ತಿಯನ್ನು ನಿಲ್ಲಿಸಿದ. ಕಟ್ಟಡ ಬಿದ್ದರೆ ನೆಲವಾದರೂ ತನಗೆ ಉಳಿದೀತೆಂಬ ಆಲೋಚನೆ ಕೆಲವರಿಗೆ ಬಂದಿರಲೂ ಸಾಕು. ಬಾಡಿಗೆದಾರನಾದರೋ ಮನೆಯನ್ನು ತನ್ನದೆಂದೇ ಭಾವಿಸಿದ. ‘ಪಗಡಿ’ಯ ಪದ್ಧತಿ ಬೆಳೆಯಿತು: ಖೋಲಿಯ ಹಕ್ಕನ್ನು ಬಿಟ್ಟುಕೊಡಲು ಕೈಯಿಂದ ಕೈಗೆ ದೊಡ್ಡ ಮೊತ್ತ ದಾಟತೊಡಗಿತು. ಮಾರುಕಟ್ಟೆಯಲ್ಲಿ ಲಕ್ಷಗಟ್ಟಲೆ ಬಾಳುವ ಕೋಣೆಗೆ ತಿಂಗಳ ಬಾಡಿಗೆ ಕೆಲವೇ ಹತ್ತು ರೂಪಾಯಿ. ಹೀಗೆ ಮನೆಗೆ ಇಬ್ಬರು ಯಜಮಾನರಾದರು, ಅದರ ಆರೈಕೆಗೆ ಮಾತ್ರ ಒಬ್ಬರೂ ಉಳಿಯಲಿಲ್ಲ.

ಈ ಕಟ್ಟಡಗಳಾದರೋ ಆರೈಕೆಯಿಲ್ಲದೆ ಬಾಳುವಂಥವಲ್ಲ. ಬಹುಪಾಲು ಕಟ್ಟಡಗಳ ಅಸ್ಥಿಪಂಜರ ಮರದ್ದು: ಸಾಗುವಾನಿಯ ಕಂಬ, ತೊಲೆ, ಅವುಗಳ ನಡುವೆ ಇಟ್ಟಿಗೆ. ಪ್ರತಿ ಕೋಣೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ, ಸ್ನಾನ ಮಾಡುವ ಮೋರಿ. ಹಿಂಭಾಗದಲ್ಲಿ ಸಾಮೂಹಿಕ ಶೌಚಾಲಯ. ನೀರು ದಿನವೂ ಇಳಿಯುವ ಈ ಜಾಗಗಳಲ್ಲಿಯೇ ಮರ ಮೊದಲು ಕೊಳೆಯುವುದು. ಮೇಲೆ ನೆಲಹಾಸು, ಕೆಳಗೆ ಗಾರೆ ಮುಚ್ಚಿರುವುದರಿಂದ ತೊಲೆಯ ತುದಿ ಪುಡಿಯಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂಬಯಿಯ ಮಳೆ ಉಳಿದ ಕೆಲಸವನ್ನು ಮುಗಿಸುತ್ತದೆ.

1960ರ ದಶಕದಲ್ಲಿ ಕಟ್ಟಡಗಳು ಕುಸಿಯತೊಡಗಿದಾಗ ಸರ್ಕಾರ ಸುಮ್ಮನಿರುವಂತಿರಲಿಲ್ಲ. 1969ರಲ್ಲಿ ಕಟ್ಟಡಗಳ ದುರಸ್ತಿ ಹಾಗೂ ಪುನರ್ನಿರ್ಮಾಣ ಮಂಡಳಿಯ ಕಾನೂನು ಬಂತು. 1971ರಲ್ಲಿ ಮಂಡಳಿ ಕೆಲಸ ಆರಂಭಿಸಿತು. ಮುಂದೆ 1977ರಲ್ಲಿ ಅದು ಮ್ಹಾಡಾದ ಅಂಗವಾಯಿತು. ಆಸ್ತಿ ತೆರಿಗೆಯ ಜೊತೆಗೆ ಒಂದು ದುರಸ್ತಿ ಉಪಕರ. ಅದಕ್ಕೆ ಸರ್ಕಾರದ ಹಾಗೂ ನಗರಪಾಲಿಕೆಯ ಹಣದ ಸೇರ್ಪಡೆ. ಆ ನಿಧಿಯಿಂದ ಮಂಡಳಿಯೇ ಮುಂದೆ ನಿಂತು ಖಾಸಗಿ ಕಟ್ಟಡಗಳ ದುರಸ್ತಿ ಮಾಡಿಸುವುದು. ಇದರ ವ್ಯಾಪ್ತಿಗೆ ಬಂದ ಕಟ್ಟಡಗಳು 19,642. ಅವುಗಳಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರಿಗಿಂತ ಹಿಂದಿನವು. ಖಾಸಗಿ ಮನೆಯ ಕೊಳೆತ ತೊಲೆಯನ್ನು ಸರ್ಕಾರಿ ಹಣದಿಂದ ಬದಲಾಯಿಸುವ ಹೊಣೆಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಹೊತ್ತದ್ದು ಸಣ್ಣ ಸಂಗತಿಯೇನಲ್ಲ. ಸಾವಿರಾರು ಕಟ್ಟಡಗಳಿಗೆ ಉಕ್ಕಿನ ತೊಲೆಗಳು ಬಂದವು. ಸಾವಿರಾರು ಸಂಸಾರಗಳು ತಮ್ಮ ಕೆಲಸ, ಶಾಲೆ, ಆಸ್ಪತ್ರೆಗಳ ಸಮೀಪದಲ್ಲಿಯೇ ಉಳಿದವು.

ಆದರೆ ಈ ಏರ್ಪಾಡಿನ ಒಳಗೇ ಒಂದು ತೊಡಕು ಅಡಗಿತ್ತು. ಉಪಕರವನ್ನು ಲೆಕ್ಕ ಹಾಕುತ್ತಿದ್ದದ್ದು ಕಟ್ಟಡದ ತೆರಿಗೆ ಮೌಲ್ಯದ ಮೇಲೆ. ಆ ಮೌಲ್ಯ ನಿಂತಿದ್ದದ್ದು ಬಾಡಿಗೆಯ ಮೇಲೆ. ಬಾಡಿಗೆಯೋ 1940ರಲ್ಲಿ ಹೆಪ್ಪುಗಟ್ಟಿತ್ತು. ಯಾವ ಬರದಿಂದ ಮಾಲೀಕ ದುರಸ್ತಿ ನಿಲ್ಲಿಸಿದನೋ ಅದೇ ಬರ ದುರಸ್ತಿಯ ನಿಧಿಗೂ ತಟ್ಟಿತು. ಆದ್ದರಿಂದ ಮಂಡಳಿ ಪ್ರತಿ ಚದರ ಮೀಟರಿನ ಖರ್ಚಿಗೆ ಒಂದು ಮಿತಿ ಹಾಕಿಕೊಳ್ಳಬೇಕಾಯಿತು. ಈ ಮಿತಿ ಕಾಲಕಾಲಕ್ಕೆ ಏರಿ 2,000 ರೂಪಾಯಿಗೆ, ಮುಂದೆ 3,000 ರೂಪಾಯಿಗೆ ತಲುಪಿತು. ಖರ್ಚು ಅದಕ್ಕಿಂತ ಹೆಚ್ಚಾದರೆ ಉಳಿದದ್ದನ್ನು ನಿವಾಸಿಗಳು ಭರಿಸಬೇಕು. ಇಲ್ಲವಾದರೆ ಕಟ್ಟಡ ದುರಸ್ತಿಗೆ ಮೀರಿದ್ದೆಂದು ತೀರ್ಮಾನವಾಗುತ್ತದೆ. ಹೀಗಾಗಿ ಒಂದು ತೊಲೆ ಬದಲಾದರೆ ಪಕ್ಕದ್ದು ಮುಂದಿನ ಸರದಿಗೆ ಕಾಯುತ್ತಿತ್ತು. ಮನೆಗೆ ಟೇಕು ಸಿಕ್ಕಿತೇ ಹೊರತು ಹೊಸ ಆಯುಷ್ಯ ಸಿಗಲಿಲ್ಲ.

1985ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಶತಮಾನೋತ್ಸವಕ್ಕೆ ಮುಂಬಯಿಗೆ ಬಂದ ಪ್ರಧಾನಿ ರಾಜೀವ ಗಾಂಧಿಯವರು ನಗರದ ವಸತಿ ಸುಧಾರಣೆಗೆ 100 ಕೋಟಿ ರೂಪಾಯಿಗಳ ಅನುದಾನ ಘೋಷಿಸಿದರು. ಧಾರಾವಿಯ ಜೊತೆಗೆ ಹಳೆಯ ಕಟ್ಟಡಗಳ ಪುನರ್ನಿರ್ಮಾಣಕ್ಕೂ ಅದರಲ್ಲೊಂದು ಪಾಲು ಬಂತು. ‘ಪ್ರಧಾನಮಂತ್ರಿ ಅನುದಾನ ಯೋಜನೆ’ ಎಂಬುದೇ ಅದರ ಹೆಸರು. ದ್ವೀಪನಗರದಲ್ಲಿ ಶಿಥಿಲ ಕಟ್ಟಡಗಳನ್ನು ಕೆಡವಿ 66 ಹೊಸ ಕಟ್ಟಡಗಳನ್ನು ಆ ಹಣದಿಂದ ಕಟ್ಟಲಾಯಿತು. ಒಂದು ಕೋಣೆಯ ಜಾಗದಲ್ಲಿ ಸ್ವಂತ ಶೌಚಾಲಯವಿರುವ ಪುಟ್ಟ ಮನೆ ಸಿಕ್ಕವರಿಗೆ ಅದು ದೊಡ್ಡ ಭಾಗ್ಯವೇ. ಆದರೆ ಮೂರು ದಶಕಗಳೊಳಗೆ ಆ ಹೊಸ ಕಟ್ಟಡಗಳೇ ಶಿಥಿಲಗೊಂಡು ಮತ್ತೆ ಮರುನಿರ್ಮಾಣಕ್ಕೆ ಕಾಯುವಂತಾಯಿತು. ಕಟ್ಟಲು ಅನುದಾನವಿತ್ತು. ಕಟ್ಟಿದ ಮೇಲೆ ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆ ಮೊದಲಿದ್ದಲ್ಲಿಯೇ ಇತ್ತು.

ಆ ಪ್ರಶ್ನೆಗೆ ನೇರವಾಗಿ ಕೈಹಾಕಿದ್ದು 1986ರ ತಿದ್ದುಪಡಿ. ಮ್ಹಾಡಾ ಕಾನೂನಿಗೆ ಸೇರಿದ ಹೊಸ ಅಧ್ಯಾಯದ ಪ್ರಕಾರ ನಿವಾಸಿಗಳಲ್ಲಿ ಶೇಕಡ 70ರಷ್ಟು ಮಂದಿ ಒಂದಾಗಿ ಕೇಳಿಕೊಂಡರೆ, ತಿಂಗಳ ಬಾಡಿಗೆಯ ನೂರು ಪಟ್ಟು ಹಣವನ್ನು ಮಾಲೀಕನಿಗೆ ಕೊಟ್ಟು ಕಟ್ಟಡವನ್ನು ಸ್ವಾಧೀನಪಡಿಸಿಕೊಂಡು ಅವರ ಸಹಕಾರಿ ಸಂಘಕ್ಕೆ ವಹಿಸಬಹುದು. ವಾಸಿಸುವವನೇ ಮಾಲೀಕನಾದರೆ ಆರೈಕೆಯೂ ಅವನದೇ ಆಗುತ್ತದೆಂಬುದು ಇದರ ಆಶಯ. ಆದರೆ ಹೆಪ್ಪುಗಟ್ಟಿದ ಬಾಡಿಗೆಯ ನೂರು ಪಟ್ಟು ಎಂದರೆ ಎಷ್ಟು? ಮಾಲೀಕರು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಬಾಂಬೆ ಹೈಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಏರಿ ದಶಕಗಳ ಕಾಲ ಅಲ್ಲಿಯೇ ಉಳಿಯಿತು.

ಈ ವ್ಯಾಜ್ಯದ ಬೇರು ಕರ್ನಾಟಕಕ್ಕೂ ಚಾಚಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿರಲಾರದು. ‘ಸಮುದಾಯದ ಭೌತಿಕ ಸಂಪನ್ಮೂಲ’ ಎಂಬ ಸಂವಿಧಾನದ 39(ಬಿ) ವಿಧಿಯ ಮಾತಿಗೆ ಖಾಸಗಿ ಆಸ್ತಿಯೂ ಸೇರುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ಸೇರುತ್ತದೆ ಎಂಬ ವ್ಯಾಪಕ ಅರ್ಥವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಕೊಟ್ಟದ್ದು 1977ರ ರಂಗನಾಥ ರೆಡ್ಡಿ ಪ್ರಕರಣದಲ್ಲಿ. ಅದು ಖಾಸಗಿ ಬಸ್ಸುಗಳನ್ನು ಕರ್ನಾಟಕ ಸರ್ಕಾರ ವಶಪಡಿಸಿಕೊಂಡುದರ ಕುರಿತ ಪ್ರಕರಣ. ಬೆಂಗಳೂರಿನ ಬಸ್ಸಿನ ತರ್ಕವೇ ಗಿರಗಾಂವಿನ ಚಾಳಿನ ತನಕ ಬಂತು. ಕೊನೆಗೆ 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಎಲ್ಲ ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವಾಗಲಾರದು, ಆದರೆ ಕೆಲವು ಬಗೆಯದು ಆಗಬಹುದು ಎಂದಿತು. ಪೀಠದಲ್ಲಿದ್ದ ಕನ್ನಡತಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಪ್ರತ್ಯೇಕ ತೀರ್ಪು ಬರೆದು, ಕೃಷ್ಣ ಅಯ್ಯರ್ ಅವರ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳು ಬರೆದ ಟೀಕೆಗೆ ಅಸಮ್ಮತಿ ಸೂಚಿಸಿದರು. ಹಿಂದಿನವರು ತಮ್ಮ ಕಾಲದ ಅಗತ್ಯಕ್ಕೆ ತಕ್ಕಂತೆ ನಡೆದುದನ್ನು ಇಂದಿನ ಕಣ್ಣಿನಿಂದ ದೂಷಿಸಬಾರದೆಂಬ ಅವರ ನಿಲುವು ಬಾಡಿಗೆ ಕಾನೂನಿನ ಇಡೀ ಇತಿಹಾಸಕ್ಕೂ ಅನ್ವಯಿಸುವಂಥದು.

ಇತ್ತ ಬಾಡಿಗೆಯ ಪ್ರಶ್ನೆ ಇನ್ನೊಂದು ದಾರಿ ಹಿಡಿದಿತ್ತು. 1997ರ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ (ಈ ಹೆಸರು ಕೇಳಿದರೆ ಕರಾವಳಿಯವರ ಕಿವಿ ನಿಮಿರೀತು) ಬಾಡಿಗೆಯನ್ನು ಹೆಪ್ಪುಗಟ್ಟಿಸಿದ ನಿಯಮ ಕಾಲಕ್ರಮದಲ್ಲಿ ಅಸಮಂಜಸವಾಗಿದೆ ಎಂದು ಸುಪ್ರೀಂ ಕೋರ್ಟು ಹೇಳಿತು. ಹೊಸ ಕಾನೂನು ಬರಲಿದ್ದುದರಿಂದ ಅದನ್ನು ರದ್ದುಮಾಡಲಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನು ವರ್ಷಕ್ಕೆ ಶೇಕಡ 4ರಷ್ಟು ಏರಿಕೆಗೆ ಅವಕಾಶ ಕೊಟ್ಟಿತು, ಪಗಡಿಯನ್ನೂ ಸಕ್ರಮಗೊಳಿಸಿತು. ಆದರೆ 30 ರೂಪಾಯಿ ಬಾಡಿಗೆ ವರ್ಷಕ್ಕೆ ಶೇಕಡ 4ರಂತೆ ಏರಿದರೆ ಇಪ್ಪತ್ತು ವರ್ಷಗಳ ನಂತರ ಆಗುವುದು ಸುಮಾರು 66 ರೂಪಾಯಿ. ಅದರಿಂದ ತೊಲೆಯೊಂದರ ಸಾಗಾಣಿಕೆಯ ಖರ್ಚೂ ಹುಟ್ಟದು.

ಅನುದಾನ ಸಾಲದೆಂದು ಮನಗಂಡ ಸರ್ಕಾರ 1990ರ ದಶಕದಿಂದ ಹಣದ ಬದಲಿಗೆ ಆಕಾಶವನ್ನೇ ಕೊಡತೊಡಗಿತು. ಅಭಿವೃದ್ಧಿ ನಿಯಂತ್ರಣ ನಿಯಮಗಳ 33(7)ರ ಅಡಿಯಲ್ಲಿ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವವರಿಗೆ ಹೆಚ್ಚುವರಿ ಎಫ್‌ಎಸ್‌ಐ ದೊರೆಯುತ್ತದೆ. ಬಿಲ್ಡರು ಹಳಬರಿಗೆ ಉಚಿತವಾಗಿ ಮನೆ ಕೊಟ್ಟು, ಮೇಲಿನ ಅಂತಸ್ತುಗಳನ್ನು ಮಾರಿಕೊಳ್ಳುತ್ತಾನೆ. ಬೊಕ್ಕಸಕ್ಕೆ ಹೊರೆಯಿಲ್ಲ, ನಿವಾಸಿಗೂ ಖರ್ಚಿಲ್ಲ. ಒಳ್ಳೆಯ ಜಾಗದಲ್ಲಿರುವ ದೊಡ್ಡ ನಿವೇಶನಗಳಿಗೆ ಇದು ವರವಾಯಿತು. ಇಕ್ಕಟ್ಟಾದ ಗಲ್ಲಿಯ ಚಿಕ್ಕ ನಿವೇಶನಕ್ಕೆ, ವಾರಸುದಾರರ ಜಗಳವಿರುವ ಕಟ್ಟಡಕ್ಕೆ ಯಾವ ಬಿಲ್ಡರೂ ಬರಲಿಲ್ಲ. ಅತ್ಯಂತ ಶಿಥಿಲವಾದವುಗಳಲ್ಲಿ ಅನೇಕವು ಇಂಥವೇ. ಉಪಕರದ ಸುಮಾರು 13,000 ಕಟ್ಟಡಗಳು ಇಂದಿಗೂ ಉಳಿದಿವೆ.

ನೋಟೀಸು ಬಂದರೂ ಜನ ಏಕೆ ಹೊರಡುವುದಿಲ್ಲ ಎಂಬುದಕ್ಕೆ ಉತ್ತರ ಟ್ರಾನ್ಸಿಟ್ ಕ್ಯಾಂಪುಗಳಲ್ಲಿದೆ. ಸಾಯನ್, ಮಾನಖುರ್ದ್, ಗೋರೆಗಾಂವ್‌ಗಳ ತಾತ್ಕಾಲಿಕ ಮನೆಗಳಿಗೆ ಕೆಲ ವರ್ಷಕ್ಕೆಂದು ಹೋದ ಕುಟುಂಬಗಳು ಅಲ್ಲಿಯೇ ಎರಡು ಮೂರು ದಶಕ ಕಳೆದದ್ದುಂಟು; ಅಲ್ಲಿ ಹುಟ್ಟಿದ ಮಕ್ಕಳು ಅಲ್ಲಿಯೇ ಮದುವೆಯಾದದ್ದುಂಟು. ಖೋಲಿಯಿಂದ ಹೊರಬಿದ್ದವನ ಕೈಯಲ್ಲಿ ಉಳಿಯುವುದು ಒಂದು ಕಾಗದ. ಕಟ್ಟಡ ಬೀಳಬಹುದು, ಬೀಳದಿರಲೂಬಹುದು. ಹೊರಟುಹೋದರೆ ಹಕ್ಕು ಕೈತಪ್ಪುವುದು ಹೆಚ್ಚು ನಿಶ್ಚಿತವೆಂದು ಅವನಿಗೆ ತೋರುತ್ತದೆ. ಈ ಲೆಕ್ಕ ಒಮ್ಮೊಮ್ಮೆ ತಪ್ಪುತ್ತದೆ. 2017ರ ಆಗಸ್ಟ್ 31ರ ಬೆಳಿಗ್ಗೆ ಭೇಂಡಿ ಬಜಾರಿನ ಹುಸೈನಿ ಕಟ್ಟಡ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಅದು ಮರುನಿರ್ಮಾಣ ಯೋಜನೆಯೊಂದರ ವ್ಯಾಪ್ತಿಯೊಳಗೇ ಇದ್ದ ಕಟ್ಟಡವಾಗಿತ್ತು.

ಈ ಇತಿಹಾಸದಲ್ಲಿ ಖಳನಾಯಕನನ್ನು ಹುಡುಕುವುದು ವ್ಯರ್ಥ. ಬಾಡಿಗೆ ಕಾನೂನು ಬಡವನನ್ನು ಕಾಯಿತು, ದುರಸ್ತಿ ಮಂಡಳಿ ಅನೇಕ ಜೀವಗಳನ್ನು ಉಳಿಸಿತು, ಪ್ರಧಾನಮಂತ್ರಿಗಳ ಅನುದಾನ ಕೆಲವರಿಗೆ ಸ್ವಂತ ಬಾಗಿಲನ್ನು ಕೊಟ್ಟಿತು. ಆದರೆ ಮನೆ ನಿಲ್ಲುವುದು ದಿನದಿನದ ಸಣ್ಣ ಆರೈಕೆಯಿಂದ: ಸೋರುವ ಮೋರಿಯನ್ನು ಈ ವಾರವೇ ಸರಿಪಡಿಸುವವನೊಬ್ಬ ಬೇಕು, ಹಾಗೆ ಸರಿಪಡಿಸುವುದರಲ್ಲಿ ಅವನಿಗೆ ಪ್ರಯೋಜನವೂ ಇರಬೇಕು. ಅಂಥವನನ್ನು ಸೃಷ್ಟಿಸದ ಅನುದಾನ ಎಷ್ಟೇ ದೊಡ್ಡದಾದರೂ ಕರಗಿಹೋಗುತ್ತದೆ. 2022ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿ, ಅಪಾಯಕಾರಿ ಕಟ್ಟಡದ ಮರುನಿರ್ಮಾಣಕ್ಕೆ ಮಾಲೀಕನಿಗೆ ಮೊದಲ ಅವಕಾಶ, ಅವನು ಮುಂದೆ ಬಾರದಿದ್ದರೆ ನಿವಾಸಿಗಳ ಸಹಕಾರಿ ಸಂಘಕ್ಕೆ, ಕೊನೆಗೆ ಮ್ಹಾಡಾಕ್ಕೆ ಎಂದು ಸರದಿ ನಿಗದಿ ಮಾಡಿದೆ. ಹೊಣೆ ಯಾರದೆಂದು ಕೇಳುವ ಪ್ರಯತ್ನವಾದರೂ ಅದರಲ್ಲಿದೆ. ಆದರೆ ನಿವಾಸಿಗಳ ಸರದಿ ಬಂದಾಗ ಅವರ ಬಳಿ ಬಂಡವಾಳವಿರುವುದಿಲ್ಲ. ಸರ್ಕಾರದ ಹಣಕ್ಕೆ ನಿಜವಾದ ಕೆಲಸವಿರುವುದು ಅಲ್ಲಿ: ತೊಲೆಗೆ ಟೇಕು ಕೊಡುವುದರಲ್ಲಲ್ಲ, ಮನೆಯನ್ನು ತಮ್ಮದೆಂದು ನೋಡಿಕೊಳ್ಳಲು ಸಿದ್ಧರಿರುವ ಜನರ ಸಂಘಕ್ಕೆ ಮೊದಲ ಕಂತಿನ ಆಸರೆಯಾಗುವುದರಲ್ಲಿ.