ಬಾರಕೂರು: ಒಂದು ಬಂದರು, ಎರಡು ಹೆಸರುಗಳು

ಭೂಮಿಯಲ್ಲಿ ಸಂಚರಿಸಿ, ಹಿಂದೆ ಬಾಳಿ ಹೋದವರ ಅಂತ್ಯವೇನಾಯಿತೆಂದು ನೋಡಬೇಕೆಂದು ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ. ಅದಕ್ಕಾಗಿ ದೂರದ ದೇಶಗಳಿಗೇ ಹೋಗಬೇಕೆಂದಿಲ್ಲ. ಉಡುಪಿ ಜಿಲ್ಲೆಯ ಬ್ರಹ್ಮಾವರದ ಸಮೀಪ, ಸೀತಾನದಿಯ ದಡದಲ್ಲಿರುವ ಬಾರಕೂರಿಗೆ ಒಂದು ರಜಾದಿನ ಮಕ್ಕಳೊಂದಿಗೆ ಹೋಗಿ ಬಂದರೂ ಸಾಕು.

ಇಂದು ಅದು ಗದ್ದೆ, ತೆಂಗಿನ ತೋಟಗಳ ನಡುವಿನ ಹಳ್ಳಿ. ಹಳೆಯ ದೇವಸ್ಥಾನಗಳು, ಕತ್ತಲೆ ಬಸದಿ, ಕೋಟೆಯ ಅವಶೇಷಗಳು ಕಾಣಸಿಗುತ್ತವೆ. ಆಳುಪ ಅರಸರ ರಾಜಧಾನಿಯಾಗಿದ್ದ, ಆಮೇಲೆ ವಿಜಯನಗರದ ಪ್ರಾಂತಾಧಿಕಾರಿಗಳು ಕುಳಿತು ಆಳಿದ ಊರು ಇದು. ಸಮುದ್ರ ಇಲ್ಲಿಂದ ಸ್ವಲ್ಪ ದೂರ. ಸೀತಾನದಿ ಪಶ್ಚಿಮಕ್ಕೆ ಹರಿದು ಹಂಗಾರಕಟ್ಟೆಯ ಬಳಿ ಕಡಲು ಸೇರುತ್ತದೆ. ಆ ಅಳಿವೆಯೇ ಹಿಂದೆ ಹಡಗುಗಳ ಬಾಗಿಲಾಗಿತ್ತು.

ಅರಬರು ಈ ಊರನ್ನು ಫಾಕನೂರ್ ಎಂದರು, ಪೋರ್ಚುಗೀಸರು ಬಾಕನೂರ್ ಎಂದರು. ಮಳೆಗಾಲದ ಗಾಳಿಗೆ ಕಡಲು ಮುಚ್ಚಿಕೊಂಡಾಗ ವರ್ತಕರು ದಡದಲ್ಲೇ ಉಳಿಯುತ್ತಿದ್ದರು. ಗಾಳಿ ತಿರುಗಿದಾಗ ಹೊರಡುತ್ತಿದ್ದರು. ಹೀಗೆ ಬಂದವರಲ್ಲಿ ಕೆಲವರು ಇಲ್ಲಿಯವರೇ ಆದರು. ಮಾಲಿಕ್ ದೀನಾರ್ ಮತ್ತು ಅವರ ಸಂಗಡಿಗರು ಪಶ್ಚಿಮ ಕರಾವಳಿಯಲ್ಲಿ ಕಟ್ಟಿಸಿದರೆಂದು ಪರಂಪರೆ ಹೇಳುವ ಮಸೀದಿಗಳ ಪಟ್ಟಿಯಲ್ಲಿ ಕೊಡುಂಗಲ್ಲೂರು, ಮಂಗಳೂರು, ಕಾಸರಗೋಡುಗಳ ಜೊತೆಗೆ ಬಾರಕೂರಿನ ಹೆಸರೂ ಇದೆ. 16ನೇ ಶತಮಾನದಲ್ಲಿ ಝೈನುದ್ದೀನ್ ಮಖ್ದೂಮರು ತಮ್ಮ ‘ತುಹ್ಫತುಲ್ ಮುಜಾಹಿದೀನ್’ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ.

ಬಾರಕೂರನ್ನು ಕಣ್ಣಾರೆ ಕಂಡು ಹೇಳಿದವರು ಇಬ್ನ್ ಬತೂತ. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕರ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಅವರು 1342ರಲ್ಲಿ ದಿಲ್ಲಿ ಬಿಟ್ಟು, ಗುಜರಾತಿನ ಕರಾವಳಿಯಲ್ಲಿ ಹಡಗು ಹತ್ತಿ, ಗೋವಾ, ಹೊನ್ನಾವರಗಳನ್ನು ದಾಟಿ ಇಲ್ಲಿಗೆ ಬಂದರು. ಅಳಿವೆಯ ಮೇಲಿನ ದೊಡ್ಡ ಊರು, ಬೇರೆಲ್ಲೂ ಕಾಣದಂತಹ ಕಬ್ಬಿನ ಬೆಳೆ ಎಂದು ಅವರ ಪ್ರವಾಸಕಥನ ಬಾರಕೂರನ್ನು ಬಣ್ಣಿಸುತ್ತದೆ. ಅರಸನು ಮುಸ್ಲಿಮನಲ್ಲ. ಅವನ ಹೆಸರನ್ನು ಅವರು ‘ಬಾಸದೇವ್’ ಎಂದು ಬರೆಸಿದ್ದಾರೆ. ಆದರೂ ಊರಿನಲ್ಲಿ ಮುಸ್ಲಿಮರ ಜಮಾಅತ್ ಇತ್ತು, ಖಾಝಿ ಇದ್ದರು, ಖತೀಬರಿದ್ದರು. ಜಮಾಅತಿನ ಮುಖ್ಯಸ್ಥ ಹುಸೈನ್ ಎಂಬವರು ಜುಮಾ ನಮಾಝಿಗಾಗಿ ಒಂದು ಮಸೀದಿಯನ್ನು ಕಟ್ಟಿಸಿದ್ದರು.

ಅದೇ ಪುಟದಲ್ಲಿ ಇನ್ನೊಂದು ಹೆಸರಿದೆ. ಅರಸನ ಬಳಿ ಸುಮಾರು 30 ಯುದ್ಧನೌಕೆಗಳಿದ್ದವು. ಅವುಗಳ ನಾಯಕ ಲೂಲಾ ಎಂಬ ಮುಸ್ಲಿಮ. ಅವನು ಕೇಡಿಗ, ವ್ಯಾಪಾರಿಗಳನ್ನು ದೋಚುವವನು ಎಂದು ಇಬ್ನ್ ಬತೂತ ನೇರವಾಗಿ ಹೇಳುತ್ತಾರೆ. ಅವರು ಸ್ವತಃ ಖಾಝಿಯಾಗಿದ್ದವರು. ತನ್ನ ಧರ್ಮದವನೆಂದು ಅವನ ತಪ್ಪನ್ನು ಮುಚ್ಚಲಿಲ್ಲ. ಅತ್ತ ಆ ಅರಸ ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳಿಸಿ, ಇವರನ್ನು ದಡಕ್ಕೆ ಕರೆಸಿ, ಮೂರು ರಾತ್ರಿ ಆತಿಥ್ಯ ನೀಡಿದನೆಂಬುದನ್ನೂ ಮರೆಯದೆ ಹೇಳಿದರು. ದಿಲ್ಲಿಯ ಸುಲ್ತಾನನ ಮೇಲಿನ ಗೌರವ, ಹಡಗಿನವರೊಡನೆ ವ್ಯಾಪಾರದ ಆಸೆ ಎರಡೂ ಅದರಲ್ಲಿದ್ದವು ಎಂಬುದು ಅವರ ಮಾತು.

ಆ ಕಾಲವೆಲ್ಲ ಬರಿಯ ಸೌಹಾರ್ದದ ಕಾಲವೆಂದು ತಿಳಿಯಬೇಕಾಗಿಲ್ಲ. ಬಾರಕೂರಿನ ಮುಂದೆ ಹಾದುಹೋಗುವ ಪ್ರತಿಯೊಂದು ಹಡಗೂ ನಿಂತು, ಅರಸನಿಗೆ ಕಾಣಿಕೆ ಕೊಡಬೇಕಿತ್ತು. ಅದಕ್ಕೆ ‘ಬಂದರಿನ ಹಕ್ಕು’ ಎಂಬ ಹೆಸರು. ಕೊಡದೆ ಹೋದವರನ್ನು ಬೆನ್ನಟ್ಟಿ ಹಿಡಿದು ತಂದು, ಸುಂಕವನ್ನು ಇಮ್ಮಡಿ ಮಾಡುತ್ತಿದ್ದರು. ಪಕ್ಕದ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರು. ಅಲ್ಲಿ ಊರವರಿಗೂ ಅವರಿಗೂ ಆಗಾಗ ಜಗಳವಾಗುತ್ತಿತ್ತು. ವರ್ತಕರು ಬೇಕಾಗಿದ್ದರಿಂದ ಅರಸನೇ ರಾಜಿ ಮಾಡಿಸುತ್ತಿದ್ದ. ಒಬ್ಬರಿಗೊಬ್ಬರು ಬೇಕು ಎಂಬ ತಿಳಿವಳಿಕೆಯೇ ಈ ತೀರವನ್ನು ನಡೆಸಿತು.

16ನೇ ಶತಮಾನದಲ್ಲಿ ಪೋರ್ಚುಗೀಸರ ನೌಕೆಗಳು ಬಂದವು. ಅವರ ಪರವಾನಗಿ ಚೀಟಿ ಇಲ್ಲದ ಹಡಗು ಕಡಲಲ್ಲಿ ಸುರಕ್ಷಿತವಾಗಿರಲಿಲ್ಲ. ಕಾಲಕ್ರಮದಲ್ಲಿ ಬಾರಕೂರಿನ ವೈಭವ ಕಳೆದು, ವ್ಯಾಪಾರ ಬೇರೆ ಬಂದರುಗಳ ಪಾಲಾಯಿತು.

ಸಹೋದರರೇ, ಸಹೋದರಿಯರೇ, ಆ ಮೂವತ್ತು ನೌಕೆಗಳು ಈಗಿಲ್ಲ. ಲೂಲಾ ದೋಚಿದ ಸರಕೂ ಇಲ್ಲ. ಸುಮಾರು 680 ವರ್ಷಗಳ ಬಳಿಕ ಉಳಿದಿರುವುದು ಎರಡು ಹೆಸರುಗಳು ಮಾತ್ರ. ಇಬ್ಬರೂ ಒಂದೇ ಊರಲ್ಲಿ, ಒಂದೇ ಅರಸನ ಕೈಕೆಳಗೆ ಬಾಳಿದವರು. ಒಬ್ಬರ ಹೆಸರಿನ ಮುಂದೆ ಮಸೀದಿ ಇದೆ, ಇನ್ನೊಬ್ಬನ ಹೆಸರಿನ ಮುಂದೆ ದರೋಡೆ ಇದೆ.

ಅಳತೆ, ತೂಕದಲ್ಲಿ ವಂಚಿಸುವವರನ್ನು ಎಚ್ಚರಿಸುತ್ತಲೇ ಆರಂಭವಾಗುವ ‘ಅಲ್ ಮುತಫ್ಫಿಫೀನ್’ ಎಂಬ ಅಧ್ಯಾಯ ಕುರ್‌ಆನಿನಲ್ಲಿದೆ. ನಮ್ಮ ಅಂಗಡಿಗೆ ಬರುವ ಗ್ರಾಹಕ, ನಮ್ಮ ಆಟೋ ಹತ್ತುವ ಪ್ರಯಾಣಿಕ, ನಮ್ಮೊಂದಿಗೆ ಪಾಲು ಹಾಕಿದ ನೆರೆಯವ, ಇವರೆಲ್ಲ ನಮ್ಮನ್ನು ನೋಡಿಯೇ ನಮ್ಮ ದೀನನ್ನು ಅಳೆಯುತ್ತಾರೆ. ಹಾದುಹೋಗುವ ಒಬ್ಬ ಪ್ರಯಾಣಿಕ ನಮ್ಮ ಬಗ್ಗೆ ಒಂದೇ ಸಾಲು ಬರೆದರೆ ಏನು ಬರೆದಾನು? ಬಾರಕೂರಿನ ದಡದಲ್ಲಿ ನಿಂತಾಗ ಮಕ್ಕಳಿಗೆ ಇದನ್ನು ಹೇಳಿಕೊಡಿ. ಹುಸೈನರ ಸಾಲಿನಲ್ಲಿ ನಮ್ಮ ಹೆಸರು ಸೇರುವಂತೆ ಅಲ್ಲಾಹನು ಅನುಗ್ರಹಿಸಲಿ, ಆಮೀನ್.